ನಾಣ್ಯಪರೀಕ್ಷೆ: ಟಂಕಸಾಲೆಯ ತಪ್ಪೂ ತರುವಾಯದ ಪೆಟ್ಟೂ

ಇಂತಹ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ವಿದ್ಯಾಭ್ಯಾಸದ ವಿಷಯವಾಗಿಯೋ ನಡತೆಯ ವಿಷಯವಾಗಿಯೋ ನಾಲ್ಕು ಮಾತುಗಳನ್ನು ಬರೆಯುವುದು ವಾಡಿಕೆ. ಈ ಸಲ ನಾವು ನಾಣ್ಯಗಳ ವಿಷಯವನ್ನು ಆರಿಸಿಕೊಂಡುದನ್ನು ಕಂಡು ಕೆಲವರು ಆಶ್ಚರ್ಯಪಡಬಹುದು. ಇದಕ್ಕೆ ಕಾರಣವುಂಟು. ಅದನ್ನು ಮೊದಲು ಹೇಳಿ ಪಾಠವನ್ನು ಆರಂಭಿಸುವೆವು.

ಕಳೆದ ಜೂನ್ ತಿಂಗಳಲ್ಲಿ ಶಾಲೆ ತೆರೆದ ವಾರದಲ್ಲಿಯೇ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿಯವರು ನಮ್ಮ ಕೊಠಡಿಗೆ ಬಂದು, ಸೆರಗಿನ ಗಂಟನ್ನು ಬಿಚ್ಚಿ, ಐದು ರೂಪಾಯಿಯ ಒಂದು ದಪ್ಪನಾದ ಬಿಳಿಯ ನಾಣ್ಯವನ್ನು ಮೇಜಿನ ಮೇಲಿಟ್ಟರು. ಅದರ ಒಂದು ಮುಖದಲ್ಲಿ, ಸಿಂಹಗಳ ಲಾಂಛನದ ಮೇಲೆಯೇ ಅಡ್ಡಲಾಗಿ, ಇಂಡಿಯಾ ಎಂಬ ಇಂಗ್ಲಿಷ್ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ಒಳಕ್ಕೆ ತಗ್ಗಾಗಿ ಮೂಡಿದ್ದುವು. “ಅಮ್ಮನವರೇ, ಇದು ಟಂಕಸಾಲೆಯಲ್ಲಿಯೇ ತಪ್ಪಾಗಿ ಹುಟ್ಟಿದ ನಾಣ್ಯವಂತೆ, ಎರಡು ಲಕ್ಷ ರೂಪಾಯಿ ಬರುತ್ತದಂತೆ. ಹಣ ಕೈಗೆ ಬಂದ ಕೂಡಲೆ ಮಗಳ ಫೀಸನ್ನು ಪೂರ್ತಿಯಾಗಿ ಕಟ್ಟುತ್ತೇನೆ. ಅಲ್ಲಿಯವರೆಗೆ ದಯಮಾಡಿ ತಡೆಯಬೇಕು” ಎಂದರು. ವಿಚಾರಿಸಲಾಗಿ, ಮೊಬೈಲಿನಲ್ಲಿ ಪರಿಚಯವಾದ ಯಾರೋ ಒಬ್ಬನು ನಾಣ್ಯದ ಚಿತ್ರವನ್ನು ತರಿಸಿಕೊಂಡು, ಹೆಸರು ನೋಂದಣಿಗೆಂದು ೧,೮೦೦ ರೂಪಾಯಿಗಳನ್ನು ಆಗಲೇ ತೆಗೆದುಕೊಂಡಿದ್ದನೆಂದೂ, ತೆರಿಗೆಗೆಂದು ಇನ್ನು ೪,೦೦೦ ರೂಪಾಯಿಗಳನ್ನು ಮರುದಿನ ಸಂಜೆಯೊಳಗೆ ಕಳುಹಿಸಬೇಕೆಂದು ಹೇಳಿದ್ದನೆಂದೂ ತಿಳಿಯಬಂದಿತು. ಆ ನಾಲ್ಕು ಸಾವಿರಕ್ಕಾಗಿ ಆಕೆಯು ತಮ್ಮ ಕಿವಿಯ ಓಲೆಗಳನ್ನು ಒತ್ತೆಯಿಡುವುದಕ್ಕೆ ಸಿದ್ಧರಾಗಿದ್ದರು.

ಆ ಗಳಿಗೆಯಲ್ಲಿ ನಾವು ಉತ್ತರ ಕೊಡಲಾರದೆ ಹೋದೆವು. ಇದರಲ್ಲಿ ಮೋಸವಿರಬೇಕೆಂದು ಮನಸ್ಸಿಗೆ ತೋರಿದರೂ, ನಾಣ್ಯವು ನಿಜವಾಗಿ ಟಂಕಸಾಲೆಯ ತಪ್ಪಿನಿಂದ ಹುಟ್ಟಿದುದೋ ಅಲ್ಲವೋ ಎಂಬುದನ್ನು ಹೇಳುವಷ್ಟು ತಿಳಿವಳಿಕೆ ನಮಗಿರಲಿಲ್ಲ. ತಿಳಿಯದೆ “ಇದು ಸುಳ್ಳು” ಎಂದು ಹೇಳಿ ಬಡವರ ಕೈಗೆ ಬಂದುದನ್ನು ತಪ್ಪಿಸುವುದೂ ತಪ್ಪು. ತಿಳಿಯದೆ “ನಿಜವಿರಬಹುದು” ಎಂದು ಹೇಳಿ ಓಲೆಗಳನ್ನು ಕಳೆಯಿಸುವುದೂ ತಪ್ಪು. ಆದುದರಿಂದ ಒಂದು ರಾತ್ರಿಯ ಅವಕಾಶವನ್ನು ಕೇಳಿಕೊಂಡು, ವಿಜ್ಞಾನದ ಕೊಠಡಿಯ ತಕ್ಕಡಿಯನ್ನೂ ಸಸ್ಯಶಾಸ್ತ್ರದ ಪೆಟ್ಟಿಗೆಯಲ್ಲಿದ್ದ ಭೂತಗನ್ನಡಿಯನ್ನೂ ಮುಂದಿಟ್ಟುಕೊಂಡು, ಓದುತ್ತಾ ಪರೀಕ್ಷಿಸುತ್ತಾ ಕುಳಿತೆವು. ಅಂದು ಕಲಿತುದನ್ನೂ ಆಮೇಲೆ ಕಲಿತುದನ್ನೂ ಕೂಡಿಸಿ ಇಲ್ಲಿ ಬರೆದಿದ್ದೇವೆ.

ನಾಣ್ಯವು ಹುಟ್ಟುವ ಬಗೆ

ತಪ್ಪು ಯಾವುದೆಂದು ತಿಳಿಯಬೇಕಾದರೆ ಸರಿಯಾದ ಕೆಲಸವು ಹೇಗೆ ನಡೆಯುತ್ತದೆಂಬುದನ್ನು ಮೊದಲು ತಿಳಿಯತಕ್ಕದ್ದು. ನಾಣ್ಯ ಮಾಡುವ ಕೆಲಸವು ನಮ್ಮ ಅಡಿಗೆಮನೆಯ ಪೂರಿಯ ಕೆಲಸಕ್ಕೆ ಬಹಳ ಹತ್ತಿರವಾದುದು. ಲೋಹವನ್ನು ಕರಗಿಸಿ, ಉರುಳೆಗಳ ನಡುವೆ ಹಾಯಿಸಿ, ಒಂದೇ ದಪ್ಪದ ಉದ್ದನೆಯ ತಗಡಾಗಿ ಲಟ್ಟಿಸುವರು. ನಾವು ಡಬ್ಬಿಯ ಮುಚ್ಚಳದಿಂದ ಹಿಟ್ಟಿನ ಹಾಳೆಯನ್ನು ದುಂಡಗೆ ಕತ್ತರಿಸುವಂತೆ, ಯಂತ್ರವು ಆ ತಗಡಿನಿಂದ ಬಿಲ್ಲೆಗಳನ್ನು ಕತ್ತರಿಸುವುದು. ಈ ಬಿಲ್ಲೆಗಳನ್ನು ಕುಲುಮೆಯಲ್ಲಿ ಕಾಯಿಸಿ ಮೆದುಮಾಡಿ, ತೊಳೆದು, ಅವುಗಳ ಅಂಚನ್ನು ಸುತ್ತಲೂ ಒತ್ತಿ ಸ್ವಲ್ಪ ಎತ್ತರಿಸುವರು. ಕಡೆಯಲ್ಲಿ ಬಿಲ್ಲೆಯು ಒಂದು ಉಕ್ಕಿನ ಬಳೆಯೊಳಗೆ ಕುಳಿತುಕೊಳ್ಳುವುದು. ಅದರ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು. ಮೇಲಿನ ಅಚ್ಚು ಬಲವಾಗಿ ಬಿದ್ದಾಗ ಲೋಹವು ಅಚ್ಚುಗಳ ತಗ್ಗುಗಳಿಗೆಲ್ಲಾ ಹರಿದು ತುಂಬಿ, ಚಿತ್ರವೂ ಅಕ್ಷರಗಳೂ ಉಬ್ಬಿ ನಿಲ್ಲುವುವು. ಸುತ್ತಲಿನ ಬಳೆಯು ಲೋಹವನ್ನು ಹೊರಕ್ಕೆ ಹರಡದಂತೆ ತಡೆದು, ಅಂಚಿನ ಗೆರೆಗಳನ್ನೂ ಮೂಡಿಸುವುದು.

ಹೀಗೆ ಬಿಲ್ಲೆ, ಅಚ್ಚು, ಹೊಡೆತ ಎಂಬ ಮೂರು ಮೆಟ್ಟಲುಗಳಿರುವುವು. ಟಂಕಸಾಲೆಯ ತಪ್ಪುಗಳೆಲ್ಲವೂ ಈ ಮೂರರಲ್ಲಿ ಒಂದಕ್ಕೆ ಸೇರಲೇಬೇಕು. ನಾಣ್ಯದಲ್ಲಿ ಕಂಡ ವಿಕಾರವು ಈ ಮೂರರಲ್ಲಿ ಯಾವ ಮೆಟ್ಟಲಲ್ಲಿ ಆಗಿರಬಹುದೆಂದು ಕೇಳಿಕೊಳ್ಳಬೇಕು. ಯಾವುದರಲ್ಲಿಯೂ ಆಗಲಾರದೆಂದು ಕಂಡರೆ ಅದು ಹೊರಗೆ ಬಂದ ಮೇಲೆ ಬಿದ್ದ ಪೆಟ್ಟೆಂದು ತಿಳಿಯತಕ್ಕದ್ದು.

ಬಿಲ್ಲೆಯ ತಪ್ಪುಗಳು

ಪೂರಿಯನ್ನು ಕತ್ತರಿಸುವಾಗ ಮುಚ್ಚಳವು ಹಿಂದೆ ಕತ್ತರಿಸಿದ ಜಾಗದ ಮೇಲೆ ಸ್ವಲ್ಪ ಹಾಯ್ದರೆ, ಹೊಸ ಪೂರಿಯಲ್ಲಿ ಅರ್ಧಚಂದ್ರಾಕಾರದ ಒಂದು ಕೊರೆ ಉಳಿಯುತ್ತದಷ್ಟೆ. ತಗಡು ಸರಿಯಾಗಿ ಮುಂದಕ್ಕೆ ಸರಿಯದಿದ್ದಾಗ ಬಿಲ್ಲೆಗಳಲ್ಲಿಯೂ ಹಾಗೆಯೇ ಆಗುವುದು. ಈ ಬಗೆಯ ನಾಣ್ಯವನ್ನು ಕತ್ತರಿಯಿಂದಲೋ ಅರದಿಂದಲೋ ಮನೆಯಲ್ಲಿ ಮಾಡುವುದು ಸುಲಭವೆಂದು ತೋರಬಹುದು. ಆದರೆ ಎರಡು ಗುರುತುಗಳು ಮೋಸವನ್ನು ಹೊರಗೆಡಹುವುವು. ಮೊದಲನೆಯದು: ನಿಜವಾದ ಕೊರೆಯು ಅಚ್ಚು ಬೀಳುವುದಕ್ಕೆ ಮೊದಲೇ ಇದ್ದುದರಿಂದ, ಹೊಡೆತದ ಕಾಲದಲ್ಲಿ ಲೋಹವು ಆ ಖಾಲಿಯ ಕಡೆಗೆ ಹರಿಯುವುದು, ಆದಕಾರಣ ಕೊರೆಯ ಬಳಿಯ ಅಕ್ಷರಗಳು ಸವೆದಂತೆ ಮೆಲ್ಲಗೆ ಕ್ಷೀಣಿಸುವುವು. ಆಮೇಲೆ ಕತ್ತರಿಸಿದ ನಾಣ್ಯದಲ್ಲಿ ಅಕ್ಷರಗಳು ತುಂಡಾದ ಜಾಗದವರೆಗೂ ಪೂರ್ಣ ಎತ್ತರದಲ್ಲಿದ್ದು ಥಟ್ಟನೆ ನಿಲ್ಲುವುವು. ಎರಡನೆಯದು: ಅಂಚನ್ನು ಎತ್ತರಿಸುವ ಯಂತ್ರವು ಎರಡು ಕಡೆಯಿಂದ ಒತ್ತುವುದಷ್ಟೆ. ಒಂದು ಕಡೆ ಕೊರೆಯಿದ್ದರೆ ಅದಕ್ಕೆ ಎದುರಾದ ಕಡೆಯಲ್ಲಿಯೂ ಒತ್ತು ಬೀಳದೆ ಅಂಚು ಮಂಕಾಗುವುದು. ಆದುದರಿಂದ ಕೊರೆಗೆ ನೇರ ಎದುರಿನ ಅಂಚನ್ನು ಭೂತಗನ್ನಡಿಯಿಂದ ನೋಡತಕ್ಕದ್ದು. ಅದು ಮಂಕಾಗಿದ್ದರೆ ಟಂಕಸಾಲೆಯ ತಪ್ಪಿಗೆ ಒಳ್ಳೆಯ ಸಾಕ್ಷಿ ದೊರೆತಂತಾಯಿತು.

ಬಿಲ್ಲೆಯು ತೆಳ್ಳಗಾಗಿಯೂ ಬರಬಹುದು. ಆಗ ತೂಕ ಕಡಿಮೆಯಾಗಿ ಚಿತ್ರವು ಮಂಕಾದರೂ, ಬಳೆಯೊಳಗೆ ಹೊಡೆಯಲ್ಪಟ್ಟುದರಿಂದ ಅಗಲವು ಸರಿಯಾಗಿಯೇ ಇರುವುದು. ಆಮ್ಲದಲ್ಲಿ ನೆನೆಹಾಕಿದ ನಾಣ್ಯವೂ ತೂಕದಲ್ಲಿ ಕಡಿಮೆಯೇ. ಆದರೆ ಆಮ್ಲವು ಅಂಚನ್ನೂ ಬಿಡದೆ ತಿನ್ನುವುದರಿಂದ ಅಗಲವೂ ಕುಗ್ಗಿ, ಮೈಯೆಲ್ಲಾ ಒರಟಾಗಿ, ಅಕ್ಷರಗಳು ಸಮನಾಗಿ ಸಣ್ಣಗಾಗುವುವು.

ಇನ್ನು ಬೇರೆ ಲೋಹದ ಬಿಲ್ಲೆಯ ಮೇಲೆ ಅಚ್ಚು ಬೀಳುವುದೂ ಉಂಟು. ಇದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ೧೯೪೩ನೆಯ ವರ್ಷದ ಸೆಂಟ್ ನಾಣ್ಯವು ಪ್ರಸಿದ್ಧವಾದ ಉದಾಹರಣೆ. ಯುದ್ಧಕ್ಕಾಗಿ ತಾಮ್ರವು ಬೇಕಾಗಿದ್ದುದರಿಂದ ಆ ವರ್ಷ ಸೆಂಟುಗಳನ್ನು ಸತುವಿನ ಲೇಪವಿದ್ದ ಉಕ್ಕಿನಿಂದ ಮಾಡಿದರು. ಹಿಂದಿನ ವರ್ಷದ ಕೆಲವೇ ಕಂಚಿನ ಬಿಲ್ಲೆಗಳು ಯಂತ್ರದ ಬಳಿ ಉಳಿದುಕೊಂಡು, ೧೯೪೩ರ ಅಚ್ಚಿನ ಕೆಳಗೆ ಸಿಕ್ಕಿದುವು. ಅಂತಹ ನಾಣ್ಯವನ್ನು ತಂದವರಿಗೆ ಫೋರ್ಡರ ಕಾರ್ಖಾನೆಯು ಒಂದು ಮೋಟಾರು ಗಾಡಿಯನ್ನೇ ಕೊಡುವುದೆಂಬ ಸುಳ್ಳು ವದಂತಿಯು ಆ ದೇಶದಲ್ಲೆಲ್ಲಾ ಹಬ್ಬಿತು. ಕೂಡಲೆ ಉಕ್ಕಿನ ಸೆಂಟುಗಳಿಗೆ ತಾಮ್ರದ ಲೇಪ ಕೊಡುವವರೂ, ೧೯೪೮ರ ಸೆಂಟಿನ ಎಂಟನ್ನು ಕೆತ್ತಿ ಮೂರನ್ನಾಗಿ ಮಾಡುವವರೂ ಹುಟ್ಟಿಕೊಂಡರು. ಪರೀಕ್ಷೆಯು ಸುಲಭ. ಲೇಪ ಕೊಟ್ಟುದು ಸೂಜಿಗಲ್ಲಿಗೆ ಅಂಟಿಕೊಳ್ಳುವುದು. ಅದರ ತೂಕವು ಸುಮಾರು ೨.೭ ಗ್ರಾಮು. ನಿಜವಾದ ಕಂಚಿನದು ಅಂಟಿಕೊಳ್ಳದು. ಅದರ ತೂಕವು ಸುಮಾರು ೩.೧ ಗ್ರಾಮು. ಎಂಟನ್ನು ಮೂರು ಮಾಡಿದ ನಾಣ್ಯವು ಕಂಚಿನದೇ ಆದುದರಿಂದ ಈ ಎರಡು ಪರೀಕ್ಷೆಗಳಿಗೂ ತಪ್ಪಿಸಿಕೊಳ್ಳುವುದು. ಅಲ್ಲಿ ಭೂತಗನ್ನಡಿಯಿಂದ ಅಂಕೆಯ ಆಕಾರವನ್ನೂ ಅದರ ಸುತ್ತಲಿನ ಕೆತ್ತನೆಯ ಗಾಯವನ್ನೂ ನೋಡಬೇಕು. ಒಂದೇ ಪರೀಕ್ಷೆಯನ್ನು ನಂಬಿ ಕೂಡಬಾರದೆಂಬುದಕ್ಕೆ ಇದು ದೃಷ್ಟಾಂತ.

ಅಚ್ಚಿನ ತಪ್ಪುಗಳು

ಅಚ್ಚು ಉಕ್ಕಿನದಾದರೂ ಲಕ್ಷಾಂತರ ಹೊಡೆತಗಳಿಂದ ಬಿರಿಯುವುದುಂಟು. ಬಿರುಕಿನೊಳಕ್ಕೆ ಲೋಹವು ಹರಿದು ತುಂಬುವುದರಿಂದ ನಾಣ್ಯದ ಮೇಲೆ ಕೂದಲೆಳೆಯಂತಹ ಒಂದು ಗೆರೆಯು ಉಬ್ಬಿ ಕಾಣುವುದು. ಅಚ್ಚಿನ ಅಂಚಿನ ಒಂದು ಚೂರು ಮುರಿದು ಬಿದ್ದರೆ ಆ ಜಾಗದಲ್ಲಿ ಅಕ್ಷರಗಳಿಲ್ಲದ ಒಂದು ಗುಡ್ಡೆಯು ಏಳುವುದು. ಇಲ್ಲಿಂದ ಒಂದು ಮುಖ್ಯವಾದ ಸೂತ್ರವು ನಮಗೆ ದೊರೆಯುತ್ತದೆ. ಅಚ್ಚಿನಲ್ಲಿ ಗೀರು ಬಿದ್ದಿದ್ದರೆ ನಾಣ್ಯದಲ್ಲಿ ಗೆರೆಯು ಉಬ್ಬಿರುವುದು. ನಾಣ್ಯಕ್ಕೇ ಗೀರು ಬಿದ್ದಿದ್ದರೆ ಗೆರೆಯು ತಗ್ಗಾಗಿದ್ದು, ಅದರ ಬದಿಯಲ್ಲಿ, ನೇಗಿಲ ಸಾಲಿನ ಬದಿಯ ಮಣ್ಣಿನಂತೆ, ಸರಿದ ಲೋಹದ ಏಣು ಕಾಣುವುದು. ಬೆರಳುಗುರನ್ನು ಮೆಲ್ಲಗೆ ಎಳೆದು ನೋಡಿದರೂ ತಿಳಿಯುವುದು.

ಅಚ್ಚಿನ ತಗ್ಗಿನಲ್ಲಿ ಎಣ್ಣೆಯ ಜಿಡ್ಡು ತುಂಬಿಕೊಂಡರೆ ಆ ಅಕ್ಷರವು ಮಂಕಾಗುವುದು, ಇಲ್ಲವೆ ಮಾಯವಾಗುವುದು. ಆದರೆ ಆ ಜಾಗವು ಸುತ್ತಲಿನ ಮೈಯಂತೆಯೇ ನಯವಾಗಿರುವುದು. ಕೆತ್ತಿ ತೆಗೆದ ಅಕ್ಷರದ ಜಾಗದಲ್ಲಿಯಾದರೋ ಉಜ್ಜಿದ ಗೆರೆಗಳಿರುವುವು. ಅಮೆರಿಕಾದ ಡೆನ್ವರ್ ಟಂಕಸಾಲೆಯಲ್ಲಿ ೧೯೩೭ರಲ್ಲಿ, ಕಾಡುಕೋಣದ ಚಿತ್ರವಿದ್ದ ಐದು ಸೆಂಟಿನ ಅಚ್ಚೊಂದನ್ನು ದುರಸ್ತಿಗೆಂದು ಅತಿಯಾಗಿ ಉಜ್ಜಿದುದರಿಂದ ಕೋಣದ ಒಂದು ಮುಂಗಾಲು ಅಳಿಸಿಹೋಯಿತು. ಮೂರು ಕಾಲಿನ ಆ ಕೋಣಕ್ಕೆ ಬೆಲೆ ಬಂದುದೇ ತಡ, ನಾಲ್ಕು ಕಾಲಿನ ಕೋಣಗಳ ಒಂದು ಕಾಲನ್ನು ಕೆತ್ತಿ ತೆಗೆಯುವವರು ಹೊರಟರು. ನಿಜವಾದ ನಾಣ್ಯದಲ್ಲಿ ಕಾಲು ಹೋಗಿದ್ದರೂ ಗೊರಸು ನೆಲದ ಮೇಲೆ ಉಳಿದಿದೆ. ಹೊಟ್ಟೆಯಿಂದ ನೆಲದವರೆಗೆ ಸಣ್ಣ ಸಣ್ಣ ಉಬ್ಬುಚುಕ್ಕೆಗಳ ಒಂದು ಸಾಲೂ ಇದೆ. ಕಾಲನ್ನು ಕೆತ್ತಿದವನು ಆ ಉಬ್ಬುಚುಕ್ಕೆಗಳನ್ನು ಹುಟ್ಟಿಸಲಾರನು. ಲೋಹವನ್ನು ತೆಗೆಯುವುದು ಸುಲಭ. ಇಲ್ಲದ ಲೋಹವನ್ನು ಕೂಡಿಸುವುದು ಕಷ್ಟ.

ಅಕ್ಷರಗಳು ಜೋಡಿಯಾಗಿ ಕಾಣುವ ನಾಣ್ಯಗಳ ವಿಷಯದಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ಅಚ್ಚನ್ನು ಮಾಡುವುದಕ್ಕೆ ಉಬ್ಬುಚಿತ್ರವಿರುವ ಒಂದು ಮಾತೃಮುದ್ರೆಯನ್ನು ಅದರ ಮೇಲೆ ಒತ್ತುವರು. ಹಿಂದೆ ಹೀಗೆ ಒಂದಕ್ಕಿಂತ ಹೆಚ್ಚು ಸಲ ಒತ್ತುವ ಪದ್ಧತಿಯಿದ್ದಿತು. ಎರಡನೆಯ ಸಲ ಅದು ಸ್ವಲ್ಪ ತಿರುಗಿದರೆ ಅಚ್ಚಿನಲ್ಲಿಯೇ ಎರಡು ಚಿತ್ರಗಳು ಮೂಡಿ, ಆ ಅಚ್ಚಿನ ನಾಣ್ಯಗಳೆಲ್ಲವೂ ಹಾಗೆಯೇ ಬರುವುವು. ಅಮೆರಿಕಾದ ೧೯೫೫ರ ಸೆಂಟು ಹೀಗಾದುದು. ಇದರಲ್ಲಿ ಎರಡು ಅಕ್ಷರಗಳೂ ದುಂಡಗೆ, ಪೂರ್ಣವಾಗಿ, ತುದಿಗಳು ಸೀಳಿದಂತೆ ಕಾಣುವುವು. ಇದನ್ನು ಬಿಟ್ಟು, ಹೊಡೆತದ ಕಡೆಯ ಕ್ಷಣದಲ್ಲಿ ಸಡಿಲವಾದ ಅಚ್ಚು ಅಲುಗಿದರೆ ಅಕ್ಷರದ ಬದಿಯು ಮೆಟ್ಟಲಿನಂತೆ ಚಪ್ಪಟೆಯಾಗಿ ತಳ್ಳಲ್ಪಡುವುದು. ಇದು ಟಂಕಸಾಲೆಯಲ್ಲಿಯೇ ಆದುದಾದರೂ ಸರ್ವಸಾಮಾನ್ಯವಾದುದು. ಇದಕ್ಕೆ ಸಂಗ್ರಹಕಾರರು ಬೆಲೆ ಕಟ್ಟುವುದಿಲ್ಲ.

ಹೊಡೆತದ ತಪ್ಪುಗಳು

ಬಿಲ್ಲೆಯು ಬಳೆಯೊಳಗೆ ಸರಿಯಾಗಿ ಕೂಡದೆ ಓರೆಯಾದರೆ ಚಿತ್ರವು ಒಂದು ಪಕ್ಕಕ್ಕೆ ಬಿದ್ದು, ಉಳಿದ ಭಾಗವು ಬೋಳಾಗಿರುವುದು. ಇದರಲ್ಲಿ ಲೋಹವೇನೂ ನಷ್ಟವಾಗಿಲ್ಲವಾದುದರಿಂದ ತೂಕವು ಸರಿಯಾಗಿರುವುದು. ಒಂದು ಪಕ್ಕದ ಚಿತ್ರವನ್ನು ಅರದಿಂದ ಉಜ್ಜಿ ಬೋಳು ಮಾಡಿದ್ದರೆ ತೂಕವು ಕಡಿಮೆಯಾಗಿರಲೇಬೇಕು. ಬಳೆಯೇ ತನ್ನ ಜಾಗದಲ್ಲಿ ಇಲ್ಲದಿದ್ದರೆ ನಾಣ್ಯವು ಅಂಚಿನ ಗೆರೆಗಳಿಲ್ಲದೆ ಅಗಲವಾಗಿ ಹರಡುವುದು. ಆಗಲೂ ತೂಕವು ಸರಿಯೇ. ಸುತ್ತಿಗೆಯಿಂದ ಬಡಿದು ಹರಡಿದ ನಾಣ್ಯದ ತೂಕವೂ ಸರಿಯಾಗಿರಬಹುದು. ಆದರೆ ಅದರ ಅಕ್ಷರಗಳು ಚಪ್ಪಟೆಯಾಗಿ, ಸುತ್ತಿಗೆಯ ಮುಖದ ಗುರುತುಗಳು ಅಲ್ಲಲ್ಲಿ ಕಾಣುವುವು. ರೈಲು ಕಂಬಿಯ ಮೇಲೆ ಮಕ್ಕಳು ಇಟ್ಟ ನಾಣ್ಯವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಆ ತಾಯಿಯವರ ನಾಣ್ಯದ ವಿಷಯಕ್ಕೆ ಬರುವೆವು. ಹೊಡೆದ ನಾಣ್ಯವೊಂದು ಕೆಳಗೆ ಬೀಳದೆ ಅಚ್ಚಿಗೆ ಅಂಟಿಕೊಂಡಿದ್ದರೆ, ಮುಂದಿನ ಬಿಲ್ಲೆಯ ಒಂದು ಮುಖಕ್ಕೆ ಅಚ್ಚು ಬೀಳುವುದರ ಬದಲಾಗಿ ಆ ನಾಣ್ಯವೇ ಬೀಳುವುದು. ಆಗ ಆ ಮುಖದಲ್ಲಿ ಚಿತ್ರವು ತಿರುಗುಮುರುಗಾಗಿ ತಗ್ಗಿನಲ್ಲಿ ಮೂಡುವುದು. ಇದು ಟಂಕಸಾಲೆಯ ನಿಜವಾದ ತಪ್ಪು. ಸಂಗ್ರಹಕಾರರು ಇದನ್ನು ಆದರಿಸುತ್ತಾರೆ. ಆದರೆ ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು, ಕಮ್ಮಾರನ ಅಂಗಡಿಯ ಬೆಂಚ್ ವೈಸಿನಲ್ಲಿ ಬಿಗಿಯಾಗಿ ಒತ್ತಿದರೂ ತಿರುಗುಮುರುಗಾದ ತಗ್ಗು ಅಕ್ಷರಗಳು ಮೂಡುವುವು. ಇವೆರಡನ್ನೂ ಬೇರ್ಪಡಿಸುವುದು ಹೇಗೆ?

ಮೊದಲು ತಗ್ಗು ಅಕ್ಷರಗಳ ಕೆಳಗೆ ಏನಿದೆಯೆಂದು ನೋಡಬೇಕು. ಟಂಕಸಾಲೆಯ ತಪ್ಪಿನಲ್ಲಿ ಆ ಮುಖವು ಬೋಳು ಬಿಲ್ಲೆಯಾಗಿದ್ದಾಗಲೇ ತಗ್ಗು ಚಿತ್ರವು ಬಿದ್ದುದು. ಆದುದರಿಂದ ಅಲ್ಲಿ ಅದೊಂದೇ ಇರಬೇಕು, ನೆಟ್ಟಗಿನ ಚಿತ್ರವು ಇರಕೂಡದು. ಆ ತಾಯಿಯವರ ನಾಣ್ಯದಲ್ಲಿ ಸಿಂಹಗಳ ಲಾಂಛನವು ಮೊದಲೇ ಇದ್ದು, ಅದರ ಮೇಲೆ ತಗ್ಗು ಅಕ್ಷರಗಳು ಕುಳಿತಿದ್ದುವು. ಎರಡನೆಯದಾಗಿ, ಅಕ್ಷರಗಳು ಪೂರ್ಣವಾಗಿರಲಿಲ್ಲ. ಬಿಗಿ ಹೆಚ್ಚಾಗಿದ್ದ ಕಡೆ ಆಳವಾಗಿಯೂ ಇನ್ನೊಂದು ಕಡೆ ಬರಿಯ ನೆರಳಿನಂತೆಯೂ ಇದ್ದುವು. ಮೂರನೆಯದಾಗಿ, ನಾಣ್ಯವನ್ನು ತಿರುಗಿಸಿ ನೋಡಲು, ಹಿಂಭಾಗದಲ್ಲಿ ಐದು ಎಂಬ ದೊಡ್ಡ ಅಂಕೆಯ ನೆತ್ತಿಯು, ಅಕ್ಷರಗಳಿಗೆ ಸರಿಯಾದ ಎದುರಿನಲ್ಲಿಯೇ, ತಟ್ಟಿ ಹೊಳಪೇರಿದಂತೆ ಚಪ್ಪಟೆಯಾಗಿದ್ದಿತು. ವೈಸಿನ ಇನ್ನೊಂದು ತುಟಿಯು ಒತ್ತಿದ ಜಾಗವದು. ತೂಕವನ್ನೂ ನೋಡಿದೆವು, ಆ ಬಗೆಯ ನಾಣ್ಯಕ್ಕೆ ಇರತಕ್ಕ ೯ ಗ್ರಾಮು ಸರಿಯಾಗಿಯೇ ಇದ್ದಿತು. ಆದರೆ ವೈಸು ಲೋಹವನ್ನು ಕದಿಯುವುದಿಲ್ಲವಾದುದರಿಂದ ಇಲ್ಲಿ ತಕ್ಕಡಿಯ ಸಾಕ್ಷಿಯು ಯಾವ ಕಡೆಗೂ ಸಲ್ಲುವುದಿಲ್ಲ. ಉಳಿದ ಮೂರು ಸಾಕ್ಷಿಗಳು ಸಾಕಾಗಿದ್ದುವು.

ತಪ್ಪೂ ಅಲ್ಲ, ಪೆಟ್ಟೂ ಅಲ್ಲ

ಕೆಲವು ಗುರುತುಗಳು ತಪ್ಪುಗಳೇ ಅಲ್ಲ. ಇಸವಿಯ ಕೆಳಗೆ ಕಾಣುವ ಚುಕ್ಕೆ, ನಕ್ಷತ್ರ, ವಜ್ರಾಕೃತಿ ಮೊದಲಾದುವು ಆಯಾ ಟಂಕಸಾಲೆಯ ಅಂಕಿತಗಳು. ನೋಯಿಡಾದ ಟಂಕಸಾಲೆಗೆ ಚುಕ್ಕೆ, ಹೈದರಾಬಾದಿನದಕ್ಕೆ ನಕ್ಷತ್ರ, ಮುಂಬಯಿಯದಕ್ಕೆ ವಜ್ರಾಕೃತಿ ಸಾಮಾನ್ಯವಾಗಿ ಇರುವುವು, ಕಲ್ಕತ್ತೆಯದಕ್ಕೆ ಅಂಕಿತವಿಲ್ಲ. ಅಜ್ಜಿಯರ ಪೆಟ್ಟಿಗೆಗಳಲ್ಲಿ ದೊರೆಯುವ, ೧೯೪೩ರಿಂದ ೧೯೪೭ರವರೆಗಿನ ತೂತಿನ ಕಾಸುಗಳನ್ನು ಲೋಹದ ಉಳಿತಾಯಕ್ಕಾಗಿ ತೂತಿನೊಡನೆಯೇ ಮಾಡಿದರು. ಹಳೆಯ ಬೆಳ್ಳಿಯ ರೂಪಾಯಿಗಳ ತೂತಾದರೋ ಸರಕ್ಕೆ ಪೋಣಿಸುವುದಕ್ಕಾಗಿ ಅಕ್ಕಸಾಲಿಗನು ಕೊರೆದುದು. ಅಂಚಿನಲ್ಲಿ ಗುಡ್ಡೆಯಂತೆ ಕಾಣುವುದು ಅನೇಕ ವೇಳೆ ಹಿಂದೆ ಇದ್ದ ಕೊಂಡಿಯ ಬೆಸುಗೆಯಾಗಿರುವುದು. ಅದರ ಬಣ್ಣವು ಬೇರೆಯಾಗಿದ್ದು, ಅದು ಅಕ್ಷರಗಳ ಮೇಲೆ ಹರಿದು ಕೂತಿರುವುದು. ೧೮೩೫ರಿಂದ ನಡೆದ ಆ ರೂಪಾಯಿಯ ತೂಕವು ಒಂದು ತೊಲ, ಎಂದರೆ ೧೧.೬೬ ಗ್ರಾಮು.

ಕೈಯಿಂದ ಸುತ್ತಿಗೆಯಲ್ಲಿ ಹೊಡೆದ ಪುರಾತನ ನಾಣ್ಯಗಳಿಗೆ ಮೇಲಿನ ನಿಯಮಗಳು ಹೊಂದುವುದಿಲ್ಲ. ಟಿಪ್ಪು ಸುಲ್ತಾನನ ಕಾಲದ ಆನೆಯ ಚಿತ್ರವುಳ್ಳ ತಾಮ್ರದ ಕಾಸುಗಳಲ್ಲಿ ಆನೆಯ ಬಾಲವೋ ಸೊಂಡಿಲೋ ಅಂಚಿನಿಂದಾಚೆಗೆ ಹೋಗಿರುವುದು ಸಾಮಾನ್ಯ. ಸುವಾರ್ತೆಯಲ್ಲಿ ಬಡ ವಿಧವೆಯು ಕಾಣಿಕೆಯ ಪೆಟ್ಟಿಗೆಗೆ ಹಾಕಿದ ಕಾಸುಗಳಂತಹ ಯೂದಾಯದ ತಾಮ್ರದ ನಾಣ್ಯಗಳು ಇಂದಿಗೂ ದೊರೆಯುತ್ತವೆ. ಅವುಗಳ ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿದ ಸಾಲಾಗಿ ಎರಕಹೊಯ್ದು ಆಮೇಲೆ ಬೇರ್ಪಡಿಸುತ್ತಿದ್ದರು. ಆದುದರಿಂದ ಅಂಚಿನಲ್ಲಿ ಮುರಿದ ಗುರುತೂ ಓರೆಯಾದ ಮುದ್ರೆಯೂ ಅವುಗಳಲ್ಲಿ ಎಲ್ಲೆಲ್ಲಿಯೂ ಇರುವುವು. ಅವು ವಿಶೇಷ ದೋಷಗಳಲ್ಲ. ಆ ಕಾಲದ ಕೆಲಸವೇ ಹಾಗಿದ್ದಿತು.

ಪರೀಕ್ಷೆಯ ಕ್ರಮ

ಮನೆಯಲ್ಲಿ ಪರೀಕ್ಷಿಸಬೇಕೆನ್ನುವವರು ಈ ಕ್ರಮವನ್ನು ಅನುಸರಿಸಬಹುದು.

೧. ಅದೇ ಬೆಲೆಯ, ಅದೇ ಬಗೆಯ ಒಳ್ಳೆಯ ನಾಣ್ಯವೊಂದನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಬೇಕು. ನೆನಪನ್ನು ನಂಬಬಾರದು.

೨. ತೂಕವನ್ನು ನೋಡಬೇಕು. ೧೯೯೨ರಿಂದ ೨೦೦೪ರವರೆಗಿನ ಉಕ್ಕಿನ ಒಂದು ರೂಪಾಯಿಗೆ ೪.೮೫ ಗ್ರಾಮು, ಎರಡು ಲೋಹಗಳ ಹತ್ತು ರೂಪಾಯಿಗೆ ೭.೭೧ ಗ್ರಾಮು ಇರತಕ್ಕದ್ದು. ಅಕ್ಕಸಾಲಿಗರ ತಕ್ಕಡಿಯು ಇದಕ್ಕೆ ಸಾಕು.

೩. ಸೂಜಿಗಲ್ಲನ್ನು ಹಿಡಿಯಬೇಕು. ಆ ಉಕ್ಕಿನ ರೂಪಾಯಿಯು ಅಂಟಿಕೊಳ್ಳುವುದು. ತಾಮ್ರ ನಿಕ್ಕಲಿನ ಬೆರಕೆಯ ಐದು ರೂಪಾಯಿಯು ಅಂಟಿಕೊಳ್ಳದು.

೪. ವಿಕಾರವು ಉಬ್ಬೋ ತಗ್ಗೋ ನೋಡಬೇಕು. ತಗ್ಗಾದರೆ ಸರಿದ ಲೋಹದ ಏಣು ಬದಿಯಲ್ಲಿದೆಯೇ ಎಂದು ಹುಡುಕಬೇಕು.

೫. ವಿಕಾರವಿರುವ ಜಾಗಕ್ಕೆ ಸರಿಯಾಗಿ ಹಿಂಭಾಗವನ್ನೂ, ಅನಂತರ ಅಂಚನ್ನು ಸುತ್ತಲೂ ನೋಡಬೇಕು. ಮೋಸಮಾಡುವವನು ಒಂದು ಮುಖವನ್ನು ಮಾತ್ರ ಸಿಂಗರಿಸಿರುತ್ತಾನೆ. ಎರಡು ಮುಖಗಳೂ ಒಂದೇ ಆಗಿರುವ ನಾಣ್ಯಗಳಲ್ಲಿ ಬಹುತೇಕ ಒಂದನ್ನು ಟೊಳ್ಳು ಮಾಡಿ ಇನ್ನೊಂದನ್ನು ಕೂರಿಸಿದುವು. ಅಂಚಿನ ಒಳಮಗ್ಗುಲಲ್ಲಿ ಕೂದಲೆಳೆಯಂತಹ ಬೆಸುಗೆಯ ಸಂದು ಸಿಕ್ಕುವುದು.

೬. ನಾಣ್ಯವನ್ನು ಹುಣಿಸೆಹಣ್ಣಿನಿಂದಾಗಲಿ ಬೂದಿಯಿಂದಾಗಲಿ ತಿಕ್ಕಬಾರದು. ನಿಜವಾದ ದೋಷನಾಣ್ಯವಾಗಿದ್ದರೂ ತಿಕ್ಕಿದರೆ ಬೆಲೆ ಕೆಡುವುದು.

ಈ ಆರನ್ನೂ ಮಾಡಿದ ಮೇಲೆಯೂ ನಿಜವೆಂದು ತೋರಿದರೆ, ಹೆಸರುಳ್ಳ ನಾಣ್ಯಸಂಘದವರಿಗಾಗಲಿ ಪರವಾನಗಿಯುಳ್ಳ ವರ್ತಕರಿಗಾಗಲಿ ನಾಣ್ಯವನ್ನು ಕಣ್ಣೆದುರಿನಲ್ಲಿಯೇ ತೋರಿಸಬಹುದು. ಕೊಳ್ಳುವವನು ಹಣ ಕೊಡುವವನೇ ಹೊರತು ಕೇಳುವವನಲ್ಲ. ಹಳೆಯ ನಾಣ್ಯ ನೋಟುಗಳ ವ್ಯಾಪಾರದಲ್ಲಿ ತನ್ನ ಹೆಸರನ್ನು ಹೇಳಿಕೊಂಡು ಶುಲ್ಕ, ಕಮಿಷನ್, ತೆರಿಗೆ ಎಂದು ಹಣ ಕೇಳುವವರನ್ನು ನಂಬಬಾರದೆಂದೂ, ತಾನು ಅಂತಹ ವ್ಯಾಪಾರವನ್ನು ನಡೆಸುವುದಿಲ್ಲವೆಂದೂ ಭಾರತೀಯ ರಿಸರ್ವ್ ಬ್ಯಾಂಕು ೨೦೨೧ನೆಯ ಆಗಸ್ಟ್ ತಿಂಗಳಲ್ಲಿ ಬಹಿರಂಗವಾಗಿ ಎಚ್ಚರಿಸಿದೆ. ಈಗಾಗಲೇ ಹಣವನ್ನು ಕಳುಹಿಸಿದವರು ನಾಚಿಕೆಯಿಂದ ಸುಮ್ಮನಿರದೆ, ೧೯೩೦ ಎಂಬ ಸಂಖ್ಯೆಗೆ ಕೂಡಲೆ ದೂರು ಕೊಡತಕ್ಕದ್ದು. ತಡಮಾಡಿದಷ್ಟೂ ಹಣವು ಕೈಗೆ ಸಿಕ್ಕುವುದು ಕಷ್ಟವಾಗುವುದು.

ಮರುದಿನ ಬೆಳಿಗ್ಗೆ ಆ ತಾಯಿಯವರು ಬಂದಾಗ ನಾವು ಬರಿಯ ಮಾತಿನಿಂದ ತೀರ್ಪನ್ನು ಹೇಳಲಿಲ್ಲ. ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟು, ಮಗಳನ್ನೂ ಕರೆಯಿಸಿ, ಒದ್ದೆ ಜೇಡಿಮಣ್ಣಿನ ಉಂಡೆಯ ಮೇಲೆ ಒಳ್ಳೆಯ ನಾಣ್ಯವೊಂದನ್ನು ಒತ್ತಿ ತೋರಿಸಿದೆವು. ಮಣ್ಣಿನಲ್ಲಿ ತಿರುಗುಮುರುಗ ಅಕ್ಷರಗಳು ಮೂಡಿದುದನ್ನು ಕಂಡ ಮಗಳು, ನಾವು ಹೇಳುವುದಕ್ಕೆ ಮೊದಲೇ ತಾಯಿಯ ನಾಣ್ಯವನ್ನು ತಿರುಗಿಸಿ, “ಅಮ್ಮಾ, ಹಿಂದುಗಡೆ ನೋಡು, ಇಲ್ಲಿ ಅದುಮಿದ್ದಾರೆ” ಎಂದಳು. ತಾಯಿಯವರು ಬಹಳ ಹೊತ್ತು ನೋಡಿದರು. ಆಮೇಲೆ, “ಹಾಗಾದರೆ ಓಲೆ ಉಳಿಯಿತು” ಎಂದು ಮಾತ್ರ ಹೇಳಿದರು. ಕಳೆದ ೧,೮೦೦ ರೂಪಾಯಿಗಳು ಹಿಂದಕ್ಕೆ ಬರಲಿಲ್ಲ. ಹುಡುಗಿಯ ಫೀಸನ್ನು ಕಂತುಗಳಲ್ಲಿ ತೆಗೆದುಕೊಳ್ಳಲು ಏರ್ಪಡಿಸಿದೆವು; ಹಳೆಯ ವಿದ್ಯಾರ್ಥಿನಿಯರಾದ ನೀವು ಕೂಡಿಸಿಕೊಟ್ಟ ಸಹಾಯನಿಧಿಯಿಂದ ಒಂದು ಕಂತು ಸಂದಾಯವಾಯಿತೆಂಬುದನ್ನು ಕೃತಜ್ಞತೆಯಿಂದ ಇಲ್ಲಿ ತಿಳಿಸುವೆವು.

ಕಳೆದುಹೋದ ಪಾವಲಿಯ ಸಾಮ್ಯವನ್ನು ನಮ್ಮ ಹುಡುಗಿಯರೆಲ್ಲರೂ ಬಲ್ಲರು. ಆ ಹೆಂಗಸು ಅಳುತ್ತಾ ಕೂಡಲಿಲ್ಲ, ನೆರೆಯವರ ಮಾತನ್ನು ಕೇಳುತ್ತಲೂ ಕೂಡಲಿಲ್ಲ. ದೀಪ ಹಚ್ಚಿದಳು, ಮನೆಯನ್ನು ಗುಡಿಸಿದಳು, ತಾನೇ ಹುಡುಕಿದಳು. ಹಣದ ವಿಷಯದಲ್ಲಿ ಹೆಣ್ಣುಮಕ್ಕಳಿಗೆ ಏನೂ ತಿಳಿಯದೆಂದು ಎಣಿಸಿ ಬರುವವರು ಇಂದು ಮನೆಯ ಬಾಗಿಲಿಗೆ ಬರುವುದಿಲ್ಲ, ಅಂಗೈಯ ಮೊಬೈಲಿನೊಳಗೇ ಬರುತ್ತಾರೆ. ಆದಕಾರಣ ಓದು ಕಲಿತ ಪ್ರತಿಯೊಬ್ಬ ಹುಡುಗಿಯೂ ತನ್ನ ಮನೆಯಲ್ಲಿ ಆ ದೀಪವನ್ನು ಹಚ್ಚತಕ್ಕವಳಾಗಬೇಕೆಂಬುದು ನಮ್ಮ ಆಶೆ ಮತ್ತು ಪ್ರಾರ್ಥನೆ.

ಆ ನಾಣ್ಯವನ್ನು ನಾವು ಅದರ ನಿಜವಾದ ಬೆಲೆಯಾದ ಐದು ರೂಪಾಯಿಗಳನ್ನು ಕೊಟ್ಟು ತೆಗೆದುಕೊಂಡೆವು. ಈಗ ಅದು ವಿಜ್ಞಾನದ ಕೊಠಡಿಯಲ್ಲಿ ಸೂಜಿಗಲ್ಲು, ಭೂತಗನ್ನಡಿಗಳ ಜೊತೆಯಲ್ಲಿ ಒಂದು ಸಣ್ಣ ಡಬ್ಬಿಯಲ್ಲಿದೆ. ನಿಮ್ಮಲ್ಲಿ ಯಾರಿಗಾದರೂ ಅನುಮಾನದ ನಾಣ್ಯವು ಸಿಕ್ಕಿದ್ದರೆ, ಹಣವನ್ನು ಕಳುಹಿಸುವುದಕ್ಕೆ ಮೊದಲು ಶಾಲೆಗೆ ಬನ್ನಿರಿ. ನಮ್ಮ ಹುಡುಗಿಯರು ಪರೀಕ್ಷಿಸಿ ಕೊಡುವರು.